ತನುಜ ಬರೆದ ಮೂರನೆಯ ಮುಖ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಸ್ ನಿಲ್ದಾಣದವರೆಗಿನ ಅಂಗಡಿ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಒಂದು ಕಾಲಕ್ಕೆ ಗಂಗರಾಜು ಬರೆದವೇ ಆಗಿದ್ದವು. ಫ್ಲೆಕ್ಸ್ ಬಂದದ್ದೇ ಬಂದದ್ದು, ಆ ಕೈ ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಇಳಿಯಿತು. ಆದರೂ ಸತ್ತವರ ಚಿತ್ರ ಬರೆಸಬೇಕೆಂದರೆ ಸಾದಲಿ, ಪೆರೇಸಂದ್ರದ ಕಡೆಯವರು ಈಗಲೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಧಾರ್ ಕಾರ್ಡಿನ ಮಸುಕು ಫೋಟೊ ಒಂದು ಕೊಟ್ಟರೆ ಸಾಕು. ಚೌಕ ಚೌಕ ಗೆರೆ ಎಳೆದು ದೊಡ್ಡದು ಮಾಡಿ, ಉದುರಿದ ಹಲ್ಲು ಕೂರಿಸಿ, ಬೊಕ್ಕ ತಲೆಗೆ ಕೂದಲು ಕೊಟ್ಟು, ಬದುಕಿದ್ದಾಗ ಒಂದು ದಿನವೂ ಹೊಟ್ಟೆ ತುಂಬ ಉಣ್ಣದವರ ಕೆನ್ನೆಯನ್ನೂ ತುಂಬಿಸಿ ಕೊಡುತ್ತಿದ್ದ. ಮನೆಯವರು ನೋಡಿ ಅಳುತ್ತಿದ್ದರು, ‘ಥೇಟ್ ನಮ್ಮಪ್ಪನೇ’ ಎನ್ನುತ್ತಿದ್ದರು. ಇದ್ದದ್ದನ್ನು ಇದ್ದಂತೆ ಬರೆದರೆ ಯಾರೂ ಮೆಚ್ಚುವುದಿಲ್ಲ ಎಂಬುದು ಮೂವತ್ತು ವರ್ಷದಲ್ಲಿ ಅವನು ಕಲಿತ ವಿದ್ಯೆ.

ಅಂಥವನ ಮಗಳ ಮುಖಕ್ಕೆ ತೊನ್ನು ಬಂತು.

ತನುಜಳಿಗೆ ಇಪ್ಪತ್ತಾರು ವರ್ಷ. ಬಿ.ಕಾಂ. ಮುಗಿಸಿ ಸೀರೆ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸದಲ್ಲಿದ್ದಳು. ಎರಡು ವರ್ಷದ ಹಿಂದೆ ತುಟಿಯ ಅಂಚಿನಲ್ಲಿ ರಾಗಿ ಕಾಳಿನಷ್ಟು ಬಿಳಿ ಕಂಡಿತು. ವರ್ಷ ತುಂಬುವುದರೊಳಗೆ ಗಲ್ಲ ಹಿಡಿಯಿತು, ಆಮೇಲೆ ಎಡಗಣ್ಣಿನ ಸುತ್ತ. ಡಾಕ್ಟರು ‘ಇದು ಅಂಟೋ ಕಾಯಿಲೆ ಅಲ್ಲ, ಹೆದರ್ಬೇಡಿ’ ಎಂದರು. ಹೆದರಿದವರು ಇವರಲ್ಲ, ಅಂಗಡಿಯ ಮಾಲೀಕರು. ಅವಳನ್ನು ಕೌಂಟರಿನಿಂದ ಎಬ್ಬಿಸಿ ಹಿಂದಿನ ಗೋಡೌನಿನಲ್ಲಿ ಸೀರೆಗೆ ಚೀಟಿ ಅಂಟಿಸಲು ಕೂರಿಸಿದರು. ತಾಯಿ ಕಲ್ಯಾಣಿ ಶಾಲೆಯ ಬಿಸಿಯೂಟದ ಅಡುಗೆಯವಳು. ಯಾರನ್ನೋ ಕೇಳಿ ಮೈಬಣ್ಣದ ಕ್ರೀಮ್ ಒಂದನ್ನು ತರಿಸಿದಳು. ತನುಜ ಅದನ್ನು ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದಳು, ಮನೆಗೆ ಬಂದೊಡನೆ ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದಳು.

ಮಾರ್ಚ್ ಮೊದಲ ವಾರ ಗೌರಿಬಿದನೂರಿನ ಸಂಬಂಧ ಬಂತು. ಶೀಟಿನ ಮನೆ, ಮಟಮಟ ಮಧ್ಯಾಹ್ನ. ಹುಡುಗನ ಸೋದರತ್ತೆ, “ಅಯ್ಯೋ ಪಾಪ, ಹುಡುಗಿ ಬೆವೀತಾ ಅವ್ಳೆ” ಎಂದು ತನ್ನ ಕರ್ಚೀಫಿನಿಂದ ತನುಜಳ ಗಲ್ಲ ಒತ್ತಿ ಒರೆಸಿದಳು. ಕರ್ಚೀಫು ಕಂದು ಬಣ್ಣಕ್ಕೆ ತಿರುಗಿತು. ಅದನ್ನು ಎಲ್ಲರಿಗೂ ಕಾಣುವಂತೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಅವರು ಕಾಫಿಯನ್ನೂ ಮುಗಿಸದೆ ಎದ್ದು ಹೋದರು.

ಆಮೇಲೆ ತನುಜ ಎರಡು ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ತಟ್ಟೆಗೆ ಹಾಕಿದ ಮುದ್ದೆ ಅರ್ಧಕ್ಕರ್ಧ ಹಾಗೇ ಉಳಿಯುತ್ತಿತ್ತು. ಗಂಗರಾಜುವಿನ ತಾಯಿ ಅಶ್ವತ್ಥಮ್ಮ, “ಏಮಿ ಪಿಲ್ಲ ಇದಿ, ತಿನ್ನದೇ ಇದ್ರೆ ಆ ಬಿಳಿ ಹೋಗ್ತದಾ?” ಎಂದು ತೆಲುಗು ಬೆರೆಸಿ ಗೊಣಗುತ್ತಿದ್ದಳು. ಗಂಗರಾಜುವಿಗೆ ಮಗಳೆಂದರೆ ಜೀವ. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಒಂದು ಭಾನುವಾರ ಬೈಕಿನಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ, ಮುರಳಿಮೋಹನ್ ಮೇಷ್ಟ್ರ ಮನೆಗೆ ಕರೆದುಕೊಂಡು ಹೋದ. ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಅವರ ಕಾಂಪೌಂಡಿಗೆ ಬಣ್ಣ ಹೊಡೆದವನು ಇವನೇ. ಭಾನುವಾರ ನಾಲ್ಕೈದು ಜನರಿಗೆ ಎಣ್ಣೆಬಣ್ಣದ ಚಿತ್ರ ಹೇಳಿಕೊಡುತ್ತಿದ್ದರು.

“ಹೂವು, ಹಣ್ಣು ಎಲ್ಲಾ ಆಮೇಲೆ” ಎಂದರು ಮೇಷ್ಟ್ರು. “ಮೊದಲು ನಿನ್ನ ಮುಖ ಬರಿ. ಕರೆದಾಗೆಲ್ಲ ಬಂದು ಕೂರೋ ಮನುಷ್ಯ ಅಂದ್ರೆ ನಿನಗೆ ನೀನೊಬ್ಬಳೇ.”

“ಫೋಟೊ ನೋಡ್ಕೊಂಡು ಬರೀಲಾ ಸಾರ್?”

“ಫೋಟೊ ನೋಡಿ ಬರೆಯೋಕೆ ನಿಮ್ಮಪ್ಪ ಇದಾರಲ್ಲ. ನೀನು ಕನ್ನಡಿ ಇಟ್ಕೊ.”

ಗಂಗರಾಜು ನಕ್ಕ. ಒಳಗೆ ಸ್ವಲ್ಪ ಚುಚ್ಚಿತು, ಆದರೂ ನಕ್ಕ.

ಮೊದಲ ಚಿತ್ರ ಮೂರು ವಾರ ಹಿಡಿಯಿತು. ನುಣುಪಾದ ಗೋಧಿ ಬಣ್ಣದ ಮುಖ, ಒಂದು ಕಲೆ ಇಲ್ಲ. ಗಂಗರಾಜುವಿಗೆ ಬಹಳ ಹಿಡಿಸಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿ, “ಚೆನ್ನಾಗಿದಾಳೆ. ಯಾರಿವಳು?” ಎಂದರು.

“ನಾನೇ ಸಾರ್.”

“ನಿನ್ನನ್ನ ಮೂರು ವಾರದಿಂದ ನೋಡ್ತಿದೀನಿ. ಇವಳನ್ನ ನೋಡಿಲ್ವಲ್ಲಮ್ಮ.”

ಮುಂದಿನ ಭಾನುವಾರ ತನುಜ ಅವರ ಹಿತ್ತಿಲ ನಲ್ಲಿಯಲ್ಲಿ ಕ್ರೀಮ್ ತೊಳೆದುಕೊಂಡು ಬಂದು ಕನ್ನಡಿಯ ಮುಂದೆ ಕುಳಿತಳು. ಉಳಿದವರು ಒಮ್ಮೆ ತಲೆಯೆತ್ತಿ ನೋಡಿ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಜಗುಲಿಯಲ್ಲಿ ಕುಳಿತಿದ್ದ ಗಂಗರಾಜು ಮಾತ್ರ ನೆಲ ನೋಡಿದ.

ಎರಡನೆಯ ಚಿತ್ರದಲ್ಲಿ ಅವಳು ಬಿಳಿ ಟ್ಯೂಬನ್ನು ಹಿಂಡಿ ಹಿಂಡಿ ಬಳಿದಿದ್ದಳು. ಮೇಷ್ಟ್ರು ಅದನ್ನೂ ಒಪ್ಪಲಿಲ್ಲ. “ಇದು ಸಿಟ್ಟಲ್ಲಿ ಬರೆದಿದ್ದು. ಸುಣ್ಣದಂಥ ಬಿಳಿ ನಿನ್ನ ಮುಖದಲ್ಲಿ ಎಲ್ಲಿದೆ? ಸರಿಯಾಗಿ ನೋಡು. ಗುಲಾಬಿ ಇದೆ, ಗಲ್ಲದ ಕೆಳಗೆ ತಿಳಿಹಸಿರು ಇದೆ, ಅಂಚಿನಲ್ಲಿ ಜೇನಿನ ಬಣ್ಣ ಇದೆ. ನೋಡಿದ್ದನ್ನ ಬರಿ, ಜನ ಅಂದಿದ್ದನ್ನ ಬರೀಬೇಡ.”

ಆ ಮಾತು ಹುಡುಗಿಗೆ ಎಲ್ಲಿ ತಾಗಿತೋ. ಮನೆಗೆ ಬಂದವಳೇ ಬೀರುವಿನ ಕನ್ನಡಿ ಬಿಚ್ಚಿ ಹಿತ್ತಿಲ ಬಾಗಿಲಿಗೆ ಒರಗಿಸಿದಳು. ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ, ರಜೆಯ ದಿನವಾದರೆ ಊಟದ ಹೊತ್ತಿನವರೆಗೆ, ಅದರ ಮುಂದೆ ಕುಳಿತುಬಿಡುತ್ತಿದ್ದಳು. ಮನೆ ತುಂಬ ಟರ್ಪೆಂಟೈನಿನ ವಾಸನೆ.

“ಸಾರಿಗೆ ಒಗ್ಗರಣೆ ಹಾಕಿದ್ರೂ ಪೇಂಟಿನ ವಾಸ್ನೇನೇ ಬರುತ್ತೆ” ಎಂದು ಕಲ್ಯಾಣಿ ಸೌಟು ಕುಕ್ಕಿದಳು. “ಇರೋದನ್ನ ಮುಚ್ಚೋಕೆ ನಾನು ಒದ್ದಾಡ್ತಿದೀನಿ. ನೀನು ಅದನ್ನೇ ಕನ್ನಡೀಲಿ ನೋಡ್ಕೊಂಡು ಕೂತಿರ್ತೀಯಲ್ಲೇ!”

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?” ಎಂದಳು ಅಶ್ವತ್ಥಮ್ಮ, ಗೋಡೆಗೊರಗಿ ಅವರೆಕಾಳು ಬಿಡಿಸುತ್ತ.

“ಬೇಕು ಅಜ್ಜಿ” ಎಂದಳು ತನುಜ. “ನೀನೂ ಬಂದು ನೋಡ್ಕೊ. ನಿನ್ನ ಕಿವಿ ಹಿಂದೆ ನೀಲಿ ಇದೆ, ಗೊತ್ತಾ?”

“ನನ್ನ ಕಿವಿ ಹಿಂದೆ ಅರವತ್ತು ವರ್ಷದ ಸಂಸಾರ ಐತೆ. ಹೋಗೇ!”

ಮುದುಕಿ ಬೈದರೂ ಸ್ವಲ್ಪ ಹೊತ್ತಿನ ಮೇಲೆ ಕಿವಿ ಮುಟ್ಟಿ ನೋಡಿಕೊಂಡಳು. ತನುಜ ಜೋರಾಗಿ ನಕ್ಕಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು! ಅವತ್ತು ಒಂದೂವರೆ ಮುದ್ದೆ ಉಂಡಳು. ಗಂಗರಾಜು ಲೆಕ್ಕ ಹಾಕಿಯೇ ನೋಡಿದ.

ಮೂರನೆಯ ಚಿತ್ರಕ್ಕೆ ಆರು ವಾರ ಹಿಡಿಯಿತು. ಗಂಗರಾಜುವಿನ ಎನಾಮೆಲ್ ಸಂಜೆಯೊಳಗೆ ಒಣಗುವ ಪದಾರ್ಥ. ಈ ಬಣ್ಣ ವಾರಗಟ್ಟಲೆ ಹಸಿಯಾಗೇ ಇರುತ್ತಿತ್ತು, ಅದು ಒಣಗುವವರೆಗೆ ಕಾದು ಮತ್ತೆ ಬರೆಯಬೇಕು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೆರಳೆಂದರೆ ಕಪ್ಪು ಎಂದುಕೊಂಡು ಆಯುಷ್ಯವನ್ನೆಲ್ಲ ಕಳೆದವನಿಗೆ ಮಗಳು ನೆರಳಿನಲ್ಲಿ ಕೆಂಪು, ನೇರಳೆ ಇಡುವುದು ಕಂಡು ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಜೂನ್ ಮೊದಲ ವಾರ ಚಿತ್ರ ಮುಗಿಯಿತು. ಮೇಷ್ಟ್ರಿಗೂ ತೋರಿಸದೆ ಮೊದಲು ಅಪ್ಪನನ್ನು ಕರೆದಳು. ಅದರಲ್ಲಿ ಹುಡುಗಿಯೊಬ್ಬಳು ಎದುರಿಗಿದ್ದವರನ್ನು ನೇರವಾಗಿ ನೋಡುತ್ತಿದ್ದಳು. ಕಣ್ಣಿನ ಸುತ್ತ, ತುಟಿ, ಗಲ್ಲ, ಎಲ್ಲವೂ ಹೇಗಿತ್ತೋ ಹಾಗೇ ಇತ್ತು. ಬಚ್ಚಿಟ್ಟದ್ದೂ ಇಲ್ಲ, ಎತ್ತಿ ತೋರಿಸಿದ್ದೂ ಇಲ್ಲ.

“ಹೇಗಿದೆ ಅಪ್ಪ?”

“ಕಣ್ಣು ಬಹಳ ಚೆನ್ನಾಗಿ ಬಂದಿದೆ ಕಣಮ್ಮ.”

“ಮಿಕ್ಕಿದ್ದು?”

“ಎಲ್ಲಾ ಚೆನ್ನಾಗಿದೆ.”

“ನೀನು ಒಪ್ಪಿದ್ರೆ ಸಾಕು ಬಿಡು” ಎಂದಳು ತನುಜ. “ಈ ಮನೇಲಿ ನನ್ನ ಮುಖ ನೋಡಿ ಮಾತಾಡೋನು ನೀನೊಬ್ಬನೇ.”

ಅದೇ ವಾರ ಚಿಂತಾಮಣಿಯಿಂದ ಕಲ್ಯಾಣಿಯ ಚಿಕ್ಕಪ್ಪನ ಮಗಳು ಅಮೃತ ಫೋನ್ ಮಾಡಿದಳು. ಹುಡುಗನ ಹೆಸರು ಸಿದ್ಧಾರ್ಥ್, ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಕುಡಿಯುವುದಿಲ್ಲ. ಕೊಡುವುದು ಬಿಡುವುದು ಏನೂ ಬೇಡವಂತೆ, ಬೌದ್ಧ ಪದ್ಧತಿಯಲ್ಲಿ ಸರಳವಾಗಿ ಮದುವೆಯಾದರೆ ಸಾಕಂತೆ. ಮುಂದಿನ ಭಾನುವಾರವೇ ನೋಡಲು ಬರುತ್ತಾರಂತೆ.

“ಅವರಿಗೆ ಹೇಳಿದೀಯಾ ಅಮ್ಮ?” ಎಂದಳು ತನುಜ, ಊಟಕ್ಕೆ ಕುಳಿತಾಗ.

“ಏನನ್ನ?”

“ಏನನ್ನ ಅಂದ್ರೆ? ಇದನ್ನ” ಎಂದು ಗಲ್ಲ ಮುಂದೆ ಮಾಡಿದಳು.

“ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೂ ಹೇಳಿಲ್ಲ, ಸುಮ್ಮನಿದೀನಿ ಅಷ್ಟೇ” ಎಂದಳು ಕಲ್ಯಾಣಿ. “ಮದುವೆ ಆಗಿ ನಾಲ್ಕು ದಿನ ಜೊತೆಗಿದ್ರೆ ಅವನಿಗೂ ಅಭ್ಯಾಸ ಆಗುತ್ತೆ.”

“ಅಭ್ಯಾಸ ನಿನಗೇ ಆಗಿಲ್ವಲ್ಲಮ್ಮ.”

ಕಲ್ಯಾಣಿಯ ಕೈಯಲ್ಲಿದ್ದ ಸಾರಿನ ಪಾತ್ರೆ ತಟ್ಟೆಯ ಮೇಲೆ ಬಡಿಯಿತು. “ನಿನಗೇನು ಗೊತ್ತೇ? ಶಾಲೇಲಿ ನಾನು ಅನ್ನ ಬಡಿಸೋಕೆ ಹೋದ್ರೆ ಅದ್ಯಾರೋ ಮಗೂನ ತಾಯಿ ಕೇಳ್ತಾಳೆ, ಇವರ ಮಗಳಿಗೆ ಬಂದಿರೋದು ಇವರಿಗೂ ಬರಲ್ವಾ ಅಂತ. ನನ್ನ ಕೈ ತಿರುಗಿಸಿ ತಿರುಗಿಸಿ ನೋಡ್ತಾರೆ. ಅದನ್ನ ಯಾರಿಗೆ ಹೇಳಲಿ?”

ಕೊನೆಗೆ ತನುಜಳೇ ಸೋತ ದನಿಯಲ್ಲಿ ಹೇಳಿದಳು. “ಸರಿ. ಕ್ರೀಮ್ ಹಚ್ಕೋತೀನಿ, ನೀನು ಹೇಳಿದ ಸೀರೆ ಉಟ್ಕೋತೀನಿ. ಆದ್ರೆ ನಾನು ಬರೆದ ಚಿತ್ರ ಹಾಲಿನ ಗೋಡೆ ಮೇಲೆ ಇರುತ್ತೆ. ನಾನು ಬಾಯಿ ಬಿಡಲ್ಲ. ಅವರು ನೋಡ್ಲಿ, ಕೇಳ್ಲಿ. ಕೇಳಿದ್ರೆ ಹೇಳ್ತೀನಿ. ಇನ್ನೊಂದ್ಸಲ ಕರ್ಚೀಫಲ್ಲಿ ಒರೆಸಿ ನೋಡೋದು ಬೇಡ.”

“ನಿನಗೆ ಹುಚ್ಚೇನೇ?”

“ಅಪ್ಪ, ನೀನು ಹೇಳು.”

ಮುಖಕ್ಕೆ ಸುಳ್ಳು, ಗೋಡೆಗೆ ನಿಜ. ಲೋಕದಲ್ಲಿ ಎಲ್ಲಾದರೂ ಇಂಥ ರಾಜಿ ಉಂಟೇ? ಆದರೆ ಗಂಗರಾಜು ಜಗಳವೆಂದರೆ ಹೆದರುವವನು. ಇಬ್ಬರಿಗೂ ಅರ್ಧರ್ಧ ಸಿಕ್ಕಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

“ಆಯ್ತು ಕಣಮ್ಮ. ಚಿತ್ರ ಅಲ್ಲೇ ಇರುತ್ತೆ.”

“ಮಾತು ಕೊಡು.”

ಎಂಜಲು ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ಅಂಗೈ ಮೇಲೆ ಕೈಯಿಟ್ಟ. ಶನಿವಾರ ತಾನೇ ಮೊಳೆ ಹೊಡೆದು ಚಿತ್ರ ನೇತುಹಾಕಿದ.

ಭಾನುವಾರ ಹನ್ನೆರಡಕ್ಕೆ ಬರುವವರು. ಹತ್ತು ಗಂಟೆಗೆ ಕಲ್ಯಾಣಿ ಮಗಳನ್ನು ಸೀರೆ ಉಡಿಸಿಕೊಂಡು, ಹೂವು ಮುಡಿದು ಬರಲೆಂದು ಪಕ್ಕದ ಬೀದಿಯ ಬ್ಯೂಟಿ ಪಾರ್ಲರಿಗೆ ಕಳಿಸಿದಳು. ಬಾಗಿಲು ಮುಚ್ಚಿ ಬಂದು ಗಂಡನ ಮುಂದೆ ನಿಂತಳು. ಕೈಯಲ್ಲಿ ಕೇಸರಿಬಾತಿನ ಸೌಟು ಹಾಗೇ ಇತ್ತು.

“ರೀ, ಊರಲ್ಲಿ ಸತ್ತೋರಿಗೆಲ್ಲ ಹಲ್ಲು ಕಟ್ಟಿಸಿದ್ರಿ. ನಿಮ್ಮ ಮಗಳಿಗೆ ಎರಡು ಸಲ ಬ್ರಶ್ ಆಡ್ಸೋಕಾಗಲ್ವಾ?”

“ಮಾತು ಕೊಟ್ಟಿದೀನಿ ಕಣೇ.”

“ಚಿತ್ರ ಇರುತ್ತೆ ಅಂತ ತಾನೇ ಕೊಟ್ಟಿದ್ದು? ಇರ್ಲಿ ಬಿಡಿ. ಯಾರು ತೆಗೀತಾರೆ?”

ಅಶ್ವತ್ಥಮ್ಮ ಮೂಲೆಯಿಂದ ದನಿಗೂಡಿಸಿದಳು. “ನಾನು ಕಣ್ಣು ಮುಚ್ಚೋದ್ರೊಳಗೆ ಆ ಮಗೂಗೊಂದು ಮನೆ ಆಗ್ಲಿ ಕಣೋ ರಾಜು. ಚೇಸೇಯಿ ನಾಯನಾ, ಮಾಡಿಬಿಡು.”

ಗಂಗರಾಜು ಚಿತ್ರದ ಮುಂದೆ ಹೋಗಿ ನಿಂತ. ಗೌರಿಬಿದನೂರಿನವರು ಬಂದ ದಿನ ಮಗಳು ತಲೆತಗ್ಗಿಸಿ ಕುಳಿತಿದ್ದದ್ದು ನೆನಪಾಯಿತು. ಅವರು ಹೋದ ಮೇಲೂ ಅವಳು ಕುರ್ಚಿಯಿಂದ ಏಳಲಿಲ್ಲ. ಇನ್ನೊಮ್ಮೆ ಅದನ್ನು ನೋಡುವ ಶಕ್ತಿ ತನಗಿಲ್ಲ ಎನ್ನಿಸಿತು. ಅವಳಿಗಿಲ್ಲ ಎಂದಲ್ಲ, ತನಗಿಲ್ಲ. ಇಷ್ಟನ್ನು ಅವನು ಒಪ್ಪಿಕೊಂಡದ್ದೂ ಎಷ್ಟೋ ದಿನ ಕಳೆದ ಮೇಲೆ.

ಎನಾಮೆಲ್ ಹಾಕಿದರೆ ಹೊಳೆದು ಗುಟ್ಟು ಬಯಲಾಗುತ್ತದೆ. ಅವಳದೇ ಟ್ಯೂಬುಗಳನ್ನು ತೆಗೆದ. ಹಳದಿ ಮಣ್ಣಿನ ಬಣ್ಣಕ್ಕೆ ಕೆಂಗಂದು, ಅದಕ್ಕೊಂದು ಚೂರು ಬಿಳಿ, ಎರಡು ಹನಿ ಅಗಸೆ ಎಣ್ಣೆ. ಕೆನ್ನೆಯ ಬಣ್ಣಕ್ಕೆ ಹಿಡಿದು ನೋಡಿದ, ಕೂದಲೆಳೆಯ ವ್ಯತ್ಯಾಸವಿಲ್ಲ. ಮೊದಲು ಕಣ್ಣಿನ ಸುತ್ತ, ಆಮೇಲೆ ತುಟಿಯ ಅಂಚು, ಕೊನೆಗೆ ಗಲ್ಲ. ಸತ್ಯ ಹೇಳಬೇಕೆಂದರೆ ಆ ಅರ್ಧ ಗಂಟೆ ಗಂಗರಾಜು ಸುಖವಾಗಿದ್ದ. ಎರಡು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿ ನೋಡಿದ. ಎಲ್ಲಿ ಮುಚ್ಚಿದ್ದೆಂದು ಅವನಿಗೇ ತಿಳಿಯುವಂತಿರಲಿಲ್ಲ. “ಆಹಾ!” ಎಂದಳು ಕಲ್ಯಾಣಿ. ಎಷ್ಟೋ ವರ್ಷದ ಮೇಲೆ ಹೆಂಡತಿ ಅವನ ಕೆಲಸ ಮೆಚ್ಚಿದ್ದಳು.

ತನುಜ ಹಿತ್ತಿಲ ಬಾಗಿಲಿನಿಂದ ಬರುವ ಹೊತ್ತಿಗೆ ಮುಂಬಾಗಿಲಲ್ಲಿ ಬಂದವರ ಚಪ್ಪಲಿ ಬಿಡುವ ಸದ್ದು. ಅವಳನ್ನು ನೇರ ಅಡುಗೆಮನೆಗೆ ಕರೆದು ಕಾಫಿ ತಟ್ಟೆ ಕೈಗಿತ್ತರು.

ಹುಡುಗ, ಅವನ ತಂದೆ ಗಂಗುಲಪ್ಪ, ತಾಯಿ ಅಕ್ಕಯ್ಯಮ್ಮ, ಜೊತೆಗೆ ಅಮೃತ. ಒಳ್ಳೆಯ ಜನ. ಅಕ್ಕಯ್ಯಮ್ಮ ಕೂರುವ ಮೊದಲೇ ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೆ ಕೈಮುಗಿದು, ಅಶ್ವತ್ಥಮ್ಮನ ಕಾಲಿಗೆ ನಮಸ್ಕಾರ ಮಾಡಿದ್ದಳು. ಸಿದ್ಧಾರ್ಥನ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು ಇತ್ತು. ಅದನ್ನು ಅವನು ಮುಚ್ಚಿಕೊಳ್ಳಲೂ ಇಲ್ಲ. ತನುಜ ಕಾಫಿ ಕೊಟ್ಟು ಎದುರಿನ ಕುರ್ಚಿಯಲ್ಲಿ ಕುಳಿತಳು. ತಲೆ ತಗ್ಗಿಸಲಿಲ್ಲ. ಅವಳ ಮುಖದಲ್ಲಿ ಅಂಥ ಧೈರ್ಯವನ್ನು ಗಂಗರಾಜು ಹಿಂದೆ ಕಂಡಿರಲಿಲ್ಲ. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಚಿತ್ರವಿತ್ತು. ಅದರ ನಂಬಿಕೆಯ ಮೇಲೆಯೇ ಅವಳು ಹಾಗೆ ಕುಳಿತಿದ್ದಾಳೆಂದು ಆಗ ಅವನಿಗೆ ಹೊಳೆಯಿತು.

“ಅಲ್ಲಿರೋ ಚಿತ್ರ ಇವರದೇ ಅಲ್ವಾ?” ಎಂದ ಸಿದ್ಧಾರ್ಥ್.

“ಹೌದು” ಎಂದಳು ತನುಜ. “ಸರಿಯಾಗಿ ನೋಡಿ. ಹತ್ತಿರ ಹೋಗಿ ನೋಡಿ.”

ಅವನು ಎದ್ದು ಹೋಗಿ ನೋಡಿದ. ಗಂಗುಲಪ್ಪನೂ ಎದ್ದ. “ಏನಮ್ಮ ಇದು, ಥೇಟ್ ನೀನೇ! ಒಂಚೂರೂ ಫರಕಿಲ್ಲ” ಎಂದು ಚಿತ್ರವನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದ.

ಆಗ ತನುಜ ತಿರುಗಿದಳು.

ಗಂಗರಾಜುವಿಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ಅವಳು ಚಿತ್ರವನ್ನು ನೋಡಿದಳು. ಕಣ್ಣಿನ ಸುತ್ತ, ತುಟಿ, ಗಲ್ಲ. ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು. ಅಮ್ಮನ ಕಡೆ ನೋಡಲಿಲ್ಲ. ಅಮ್ಮನಿಗೆ ಬಣ್ಣ ಬೆರೆಸಲು ಬರುವುದಿಲ್ಲವೆಂದು ಅವಳಿಗೆ ಗೊತ್ತು.

ಗಂಗುಲಪ್ಪ ಬೆರಳು ಚಾಚಿ ಗಲ್ಲದ ಮೇಲೆ ಇಡುವುದರಲ್ಲಿದ್ದ.

“ಮುಟ್ಬೇಡಿ” ಎಂದಳು ತನುಜ. “ಇನ್ನೂ ಹಸಿ ಇದೆ. ಇವತ್ತೇ ಬರೆದಿರೋದು.”

“ಹೌದಾ! ಯಾರಮ್ಮ ಬರೆದೋರು?”

ಕಲ್ಯಾಣಿ ಬಾಯಿ ತೆರೆದಳು. ಅದಕ್ಕೆ ಮೊದಲೇ ತನುಜ ಹೇಳಿದಳು. “ನಮ್ಮಪ್ಪ.”

“ಎಂಥಾ ಕೈ ಯಜಮಾನ್ರೇ ನಿಮ್ಮದು!” ಗಂಗುಲಪ್ಪ ಬಂದು ಗಂಗರಾಜುವಿನ ಎರಡೂ ಕೈ ಹಿಡಿದುಕೊಂಡ. “ನಮ್ಮ ತಾಯೀದು ಒಂದು ಹಳೇ ಫೋಟೊ ಐತೆ, ಅದನ್ನೂ ಹಿಂಗೇ ಬರ್ಕೊಡಿ.” ಗಂಗರಾಜು ತಲೆಯಾಡಿಸಿದ. ಮಗಳು ತಿರುಗಿ ಕುಳಿತಿದ್ದಳು. ಈಗ ತಲೆ ತಗ್ಗಿತ್ತು. ಅಕ್ಕಯ್ಯಮ್ಮ ಅದನ್ನು ನಾಚಿಕೆ ಎಂದುಕೊಂಡು ಮೆಚ್ಚಿದಳು. ಹುಡುಗಿಗೆ ಒಪ್ಪಿಗೆಯೇ ಎಂದು ಕೇಳಿದಾಗ, “ಅಪ್ಪ ಹೇಳಿದ ಹಾಗೆ” ಎಂದಳು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಗಂಗರಾಜು ಮಗಳ ಹತ್ತಿರ ಹೋದ. ಅವಳು ಹಿತ್ತಿಲಲ್ಲಿ ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಳು. ಅವನು ಬಳಸಿ ಹಾಗೇ ಬಿಟ್ಟಿದ್ದ ಬ್ರಶ್ಶನ್ನೂ ತೊಳೆದು, ಒರೆಸಿ, ಟ್ಯೂಬುಗಳ ಜೊತೆ ಅವನ ಪೇಂಟಿನ ಪೆಟ್ಟಿಗೆಗೆ ಹಾಕಿದಳು.

“ತಪ್ಪಾಯ್ತು ಕಣಮ್ಮ. ನಾನು ಹೋಗಿ ಅವರಿಗೆ ಹೇಳಿ ಬರ್ತೀನಿ. ಈಗಲೇ ಹೋಗ್ತೀನಿ.”

“ಏನಂತ ಹೇಳ್ತೀಯ? ನನ್ನ ಮಗಳ ಮುಖ ನನಗೇ ನೋಡಕ್ಕಾಗಲಿಲ್ಲ ಅಂತಾನಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. “ಕಲರ್ ಚೆನ್ನಾಗಿ ಹೊಂದಿಸಿದೀಯ ಅಪ್ಪ. ಆರು ವಾರ ಕೂತ್ರೂ ನನಗೆ ಹಂಗೆ ಬರ್ತಿರ್ಲಿಲ್ಲ.”

“ಒರೆಸಿಬಿಡ್ತೀನಿ. ಹಸಿ ಇದೆಯಲ್ಲ, ಬಂದುಬಿಡುತ್ತೆ.”

“ಬೇಡ. ಅವರಿಗೆ ಅವಳೇ ಒಪ್ಪಿಗೆ ಆಗಿರೋದು.”

ಮುಂದಿನ ಭಾನುವಾರ ಅವನು ಬೈಕು ಒರೆಸಿ ನಿಲ್ಲಿಸಿಕೊಂಡು, “ಮೇಷ್ಟ್ರ ಮನೆಗೆ ಹೋಗಣ ಬಾಮ್ಮ” ಎಂದು ಎರಡು ಸಲ ಕರೆದ. ತನುಜ ಒಗೆಯುವ ಬಟ್ಟೆ ತೋರಿಸಿ, “ಕೆಲಸ ಇದೆ” ಎಂದಳು. ಬೀರುವಿನ ಕನ್ನಡಿ ಮತ್ತೆ ಬೀರುವಿಗೆ ಸೇರಿತ್ತು. ಅವತ್ತು ಚಿಂತಾಮಣಿಯಿಂದ ಫೋನ್ ಬಂದು, ಶ್ರಾವಣದಲ್ಲಿ ಮದುವೆ ಎಂದು ನಿಶ್ಚಯವಾಯಿತು. ಕಲ್ಯಾಣಿ ಹಿಗ್ಗಿ ಹೀರೇಕಾಯಿಯಾಗಿ ಕೋಳಿ ತರಿಸಿ ಸಾರು ಮಾಡಿದಳು. ಸಂಜೆ ಏಳಕ್ಕೇ ನಾಲ್ಕು ತಟ್ಟೆ ಹಾಕಿ ಎಲ್ಲರನ್ನೂ ಕೂಗಿದಳು. ಅಶ್ವತ್ಥಮ್ಮ ಬಂದು ಕುಳಿತಳು, ಗಂಗರಾಜು ಕುಳಿತ.

ತನುಜ ಒಳಗಿಂದ ಬಂದಳು. ಈಗಷ್ಟೇ ಹಚ್ಚಿಕೊಂಡ ಕ್ರೀಮ್, ಕಣ್ಣಿನ ಸುತ್ತ, ತುಟಿಗೆ, ಗಲ್ಲಕ್ಕೆ, ಒಂದೇ ಸಮನಾಗಿ.

“ಅದ್ಯಾಕೇ ಈ ಹೊತ್ನಲ್ಲಿ ಹಚ್ಕೊಂಡಿದೀಯ?” ಎಂದಳು ಕಲ್ಯಾಣಿ, ಮುದ್ದೆ ಇಡುತ್ತ. “ಹೋಗಿ ತೊಳ್ಕೊಂಡು ಬಾ. ಮನೇಲಿ ಹೊರಗಿನೋರು ಯಾರಿದಾರೆ?”

ತನುಜ ತಟ್ಟೆ ಎಳೆದುಕೊಂಡು ಕುಳಿತಳು.

“ಅಪ್ಪ ಇದಾರಲ್ಲಮ್ಮ” ಎಂದಳು.

ಕಲ್ಯಾಣಿ ಸಾರು ಬಡಿಸಿದಳು, ಗಂಗರಾಜು ಮುದ್ದೆ ಮುರಿದು ಕೈಯಲ್ಲೇ ಹಿಡಿದುಕೊಂಡು ಕುಳಿತ.